ಟ್ರ್ಯಾಕು ಉಳೀಲಿ, ಆದ್ರೆ ಗೇಟು ಯಾರಿಗೆ?

ಅಮೆರಿಕದ ದಕ್ಷಿಣ ಸೀಮೆಯ ಸಣ್ಣ ಸಣ್ಣ ಊರುಗಳಲ್ಲಿ ಕಾರು ಓಟದ ಟ್ರ್ಯಾಕುಗಳು ಎಷ್ಟೋ ಮುಚ್ಚಿಹೋಗಿವೆ. ಉಳಿದವು ಏದುಸಿರು ಬಿಡುತ್ತಿವೆ. ‘ನಮ್ಮೂರ ಟ್ರ್ಯಾಕು ಉಳಿಸಿ’ ಎಂದು ಅಲ್ಲಿನ ಜನ ಕೂಗುತ್ತಿದ್ದಾರೆ. ಈ ಕೂಗಿನ ಬಗ್ಗೆ ಬರೀತೀನಿ ಅಂದಾಗ ನಮ್ಮ ಸಂಗಾತಿಯೊಬ್ಬರು ನಕ್ಕರು. “ಉಣ್ಣೋಕೆ ಗತಿಯಿಲ್ಲದೋರ ಪತ್ರಿಕೇಲಿ ಕಾರು ರೇಸೇನಯ್ಯ? ಅದು ಬಂಡವಾಳಶಾಹಿಗಳ ಆಟ. ಮುಚ್ಚಿಹೋದ್ರೆ ಹೋಗ್ಲಿ ಬಿಡು” ಅಂದರು.

ಹೋಗ್ಲಿ ಬಿಡು ಅನ್ನೋಕೆ ನಾನು ತಯಾರಿಲ್ಲ. ಯಾಕೆ ಅಂತ ಹೇಳ್ತೀನಿ.

ನಮ್ಮಣ್ಣ ಗ್ಯಾರೇಜಿನಲ್ಲಿ ದುಡೀತಾನೆ. ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟು ಸ್ಪ್ಯಾನರ್ ಹಿಡಿದ. ಆ ಸ್ಪ್ಯಾನರಿನ ದುಡ್ಡಲ್ಲಿ ನಾನು ಬಿ.ಎ. ಮುಗಿಸಿದೆ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲು. ಒಂದು ರಾತ್ರಿ ಅಣ್ಣ ಮೊಬೈಲಿನಲ್ಲಿ ಇಂಥದೊಂದು ಓಟ ನೋಡುತ್ತ ಕೂತಿದ್ದ. ಕಾರುಗಳು ಒಂದಕ್ಕೊಂದು ಉಜ್ಜಿಕೊಂಡು ಸುತ್ತು ಹೊಡೀತಿದ್ದವು. ಕಂಪೌಂಡಿನ ಪಕ್ಕ ಮಸಿ ಬಟ್ಟೆಯ ಮೆಕ್ಯಾನಿಕ್ಕುಗಳು ಓಡಾಡ್ತಿದ್ದರು. ಅಣ್ಣ ತಲೆ ಎತ್ತದೇ ಕೇಳಿದ: “ಲೋ, ಇದ್ರಲ್ಲಿ ನಮ್ಮಂಥೋರು ಯಾರಾದ್ರೂ ಇದ್ದಾರೇನೋ?”

ಅವನ ಆ ಒಂದು ಪ್ರಶ್ನೆಗೆ ಉತ್ತರ ಹುಡುಕುತ್ತ ಹೋದದ್ದೇ ಈ ಬರಹ.

ಮೊದಲು ನಮ್ಮ ಸಂಗಾತಿಗೆ ಉತ್ತರ. ಸ್ವಾಮಿ, ಸ್ಟಾಕ್ ಕಾರ್ ಓಟ ಅರಮನೆಯ ಅಂಗಳದಲ್ಲಿ ಹುಟ್ಟಿದ್ದಲ್ಲ. ಕಂಪನಿಯಿಂದ ರಸ್ತೆಗೆ ಬಂದ ಮಾಮೂಲಿ ಕಾರನ್ನೇ ಬಿಚ್ಚಿ, ಎಂಜಿನ್ ಹುರಿ ಮಾಡಿ ಓಡಿಸುವ ಆಟವಾಗಿ ಅದು ಶುರುವಾಯಿತು. ಆ ಕೈಚಳಕ ಬೆಳೆದದ್ದು ಅಪಲೇಚಿಯನ್ ಬೆಟ್ಟಗಳ ಕಳ್ಳಭಟ್ಟಿಯ ಒಲೆ ಮುಂದೆ. ಬಡ ರೈತರು ಮುಸುಕಿನ ಜೋಳದ ಸಾರಾಯಿ ಇಳಿಸಿ, ಅಬಕಾರಿ ಪೋಲೀಸರ ಕಣ್ಣು ತಪ್ಪಿಸಿ ರಾತ್ರೋರಾತ್ರಿ ಸಾಗಿಸುತ್ತಿದ್ದರು. ಪೋಲೀಸರ ಕಾರಿಗಿಂತ ಜೋರಾಗಿ ಓಡುವ ಕಾರು ಬೇಕಿತ್ತು, ಕಟ್ಟಿಕೊಂಡರು. ನಿನ್ನ ಕಾರು ಜೋರೋ ನನ್ನದೋ ಎಂದು ಹೊಲದಲ್ಲಿ ಪಂತ ಕಟ್ಟಿದರು. ಇವತ್ತು ಕೋಟಿಗಟ್ಟಲೆ ಡಾಲರ್ ಎಣಿಸುವ ನಾಸ್ಕಾರ್ ಸಂಸ್ಥೆ 1948ರಲ್ಲಿ ನೋಂದಣಿಯಾದಾಗ ಅದರ ಬೆನ್ನಿಗೆ ಇದ್ದದ್ದು ಇಂಥ ಕೈಗಳ ದುಡಿಮೆಯೇ. ಆಟ ಕಟ್ಟಿದವರು ಒಬ್ಬರು, ಲೆಕ್ಕದ ಪುಸ್ತಕ ಹಿಡಿದವರು ಇನ್ನೊಬ್ಬರು. ಇದು ನಮಗೆ ಗೊತ್ತಿಲ್ಲದ ಕಥೆಯೇ?

ಒಂದು ಮೈಲಿಗಿಂತ ಕಮ್ಮಿ ಸುತ್ತಳತೆಯ ಸಣ್ಣ ಟ್ರ್ಯಾಕುಗಳ ಹೊಟ್ಟೆಪಾಡು ಹೇಗೆ ನಡೆಯುತ್ತೆ ನೋಡಿ. ಅದಕ್ಕೆ ಎರಡು ಗೇಟು. ಮುಂದಿನ ಗೇಟಿನಲ್ಲಿ ನೋಡೋಕೆ ಬಂದವರು ಟಿಕೆಟ್ ತಗೋತಾರೆ. ಹಿಂದಿನ ಗೇಟಿನಲ್ಲಿ ಓಡಿಸೋಕೆ ಬಂದವನೂ ದುಡ್ಡು ಕಟ್ಟಬೇಕು! ಅವನ ಟೈರು ಬದಲಿಸೋ ತಮ್ಮ, ಸಾಮಾನಿನ ಪೆಟ್ಟಿಗೆ ಹೊರೋ ಮಗ, ಎಲ್ಲರೂ ಕಟ್ಟಬೇಕು. ವಾರವೆಲ್ಲ ಕಾರ್ಖಾನೆಯಲ್ಲೋ ಗ್ಯಾರೇಜಿನಲ್ಲೋ ದುಡಿದು, ಶನಿವಾರ ತನ್ನದೇ ಕಾರು ಎಳಕೊಂಡು ಬಂದು, ತನ್ನದೇ ಮೂಳೆ ಮುರಿಯೋ ಅಪಾಯಕ್ಕೆ ತಾನೇ ಕಾಸು ಕೊಡುತ್ತಾನೆ. ಬಹುಮಾನ ಬಂದರೂ ಎಷ್ಟೋ ಸಲ ಟೈರಿನ ಖರ್ಚು ಹುಟ್ಟಲ್ಲ. ಟ್ರ್ಯಾಕು ನಡೆಸುವವನ ಪಾಡೂ ಸುಖವಿಲ್ಲ. ವಿಮೆ, ಆಂಬುಲೆನ್ಸು, ಕರೆಂಟು ಬಿಲ್ಲು. ಶನಿವಾರ ಸಂಜೆ ಮಳೆ ಬಿತ್ತೋ, ಆ ವಾರದ ಗಳಿಕೆ ಮಣ್ಣುಪಾಲು. ಊರು ಬೆಳೆದು ಜಮೀನಿನ ಬೆಲೆ ಏರಿತೋ, ಬಡಾವಣೆ ಮಾಡೋರು ಬಾಗಿಲಿಗೆ ಬಂದು ನಿಲ್ತಾರೆ. ಟ್ರ್ಯಾಕಿನ ಪಕ್ಕ ಹೊಸದಾಗಿ ಮನೆ ಮಾಡಿಕೊಂಡು ಬಂದೋರು “ಸದ್ದು, ಸದ್ದು” ಅಂತ ಅರ್ಜಿ ಹಾಕ್ತಾರೆ.

ಹೀಗೆ ಸಾಯೋದು ಒಂದು ಥರ. ಇನ್ನೊಂದು ಥರ ಇದೆ, ಕೊಲೆ.

ಉತ್ತರ ಕೆರೊಲಿನಾದ ನಾರ್ತ್ ವಿಲ್ಕ್ಸ್‌ಬರೊ ಅಂಥ ಕೊಲೆಗೆ ಸಾಕ್ಷಿ. ಕಳ್ಳಭಟ್ಟಿಗೆ ಹೆಸರಾದ ವಿಲ್ಕ್ಸ್ ಸೀಮೆಯಲ್ಲಿ 1947ರಲ್ಲಿ ಶುರುವಾದ ಮಣ್ಣಿನ ಟ್ರ್ಯಾಕು ಅದು. ಒಂದು ಕಡೆ ಇಳಿಜಾರು, ಇನ್ನೊಂದು ಕಡೆ ಏರು. ಬೆಟ್ಟದ ಮೈಯನ್ನೇ ಟ್ರ್ಯಾಕು ಮಾಡಿದ್ದರು. ನಡೆಸುತ್ತಿದ್ದ ಎನಾಕ್ ಸ್ಟೇಲಿ 1995ರಲ್ಲಿ ಸತ್ತ. ಮುಂದೆ ಅರ್ಧ ಪಾಲನ್ನು ಬ್ರೂಟನ್ ಸ್ಮಿತ್ ಎಂಬ ದೊಡ್ಡ ಟ್ರ್ಯಾಕುಗಳ ಒಡೆಯ ಕೊಂಡ, ಇನ್ನರ್ಧವನ್ನು ನ್ಯೂ ಹ್ಯಾಂಪ್‌ಶೈರಿನ ಬಾಬ್ ಬಾರ್ ಕೊಂಡ. ಅವರಿಗೆ ಬೇಕಿದ್ದದ್ದು ಆ ನೆಲವಲ್ಲ, ಆ ಊರಿಗೆ ವರ್ಷಕ್ಕೆ ಸಿಗುತ್ತಿದ್ದ ಎರಡು ದೊಡ್ಡ ಓಟದ ದಿನಾಂಕ. 1996ರ ಸೆಪ್ಟೆಂಬರ್ 29ಕ್ಕೆ ಕಡೇ ಓಟ ಮುಗಿಯಿತು. ಒಂದು ದಿನಾಂಕ ಟೆಕ್ಸಾಸಿಗೆ ಹೋಯಿತು, ಇನ್ನೊಂದು ನ್ಯೂ ಹ್ಯಾಂಪ್‌ಶೈರಿಗೆ. ಊರಿಗೆ ಉಳಿದದ್ದು ತುಕ್ಕು ಮತ್ತು ಕಳೆ.

ಬಾವಿಯನ್ನಲ್ಲ, ಬಾವಿಯ ನೀರನ್ನು ಮಾತ್ರ ಹೊತ್ತುಕೊಂಡು ಹೋದರು. ಜನ ಬರಲಿಲ್ಲ ಅಂತ ಮುಚ್ಚಿದ ಟ್ರ್ಯಾಕಲ್ಲ ಅದು.

ಕಾಲು ಶತಮಾನ ಆದಮೇಲೆ, 2021ರಲ್ಲಿ, ಆ ರಾಜ್ಯದ ಸರ್ಕಾರ ಕೇಂದ್ರದಿಂದ ಬಂದ ಸೋಂಕಿನ ಪರಿಹಾರದ ಹಣದಲ್ಲಿ 1 ಕೋಟಿ 80 ಲಕ್ಷ ಡಾಲರನ್ನು ಈ ಟ್ರ್ಯಾಕಿನ ದುರಸ್ತಿಗೆ ತೆಗೆದಿಟ್ಟಿತು. 2022ರಲ್ಲಿ ಮತ್ತೆ ಎಂಜಿನ್ ಸದ್ದು ಕೇಳಿತು. 2023ರ ಮೇ ತಿಂಗಳಲ್ಲಿ ನಾಸ್ಕಾರಿನ ಆಲ್ ಸ್ಟಾರ್ ಓಟವೇ ಅಲ್ಲಿ ನಡೆಯಿತು. ಊರಿನ ಜನ ಕಣ್ಣೀರು ಹಾಕಿದ್ದರೆ ಅದು ಸುಳ್ಳು ಕಣ್ಣೀರಲ್ಲ. ನನಗೂ ಸಂತೋಷವೇ. ಆದರೆ ಕೇಳಬೇಕಲ್ಲ: ದಿನಾಂಕ ಕಿತ್ತುಕೊಂಡು ಹೋದ ಒಡೆಯನ ಕಂಪನಿಯ ಸ್ವತ್ತು ರಿಪೇರಿಯಾಗೋಕೆ ಜನರ ತೆರಿಗೆಯ ದುಡ್ಡು ಬೇಕಾಯಿತು. ದುಡ್ಡು ಜನರದ್ದಾದರೆ ಬೀಗದ ಕೈ ಯಾಕೆ ಜನರದ್ದಲ್ಲ? ನಾಳೆ ಮತ್ತೆ ದಿನಾಂಕ ಹೊತ್ತುಕೊಂಡು ಹೊರಟರೆ ತಡೆಯೋಕೆ ಊರಿನವರ ಕೈಯಲ್ಲಿ ಏನಿದೆ?

ದಾರಿ ಇಲ್ಲ ಅಂತಲ್ಲ. ಟೆನೆಸ್ಸಿಯ ನ್ಯಾಶ್‌ವಿಲ್ಲಿನಲ್ಲಿ ಜಾತ್ರೆ ಮೈದಾನದ ಟ್ರ್ಯಾಕು ನಗರದ ಸ್ವತ್ತು. ಅದನ್ನು ತೆಗೆದುಹಾಕುವ ಮಾತು ಬಂದಾಗ ಜನ ಸುಮ್ಮನೆ ಕೂರಲಿಲ್ಲ. 2011ರ ಆಗಸ್ಟಿನಲ್ಲಿ ಮತ ಹಾಕಿ, ಅಲ್ಲಿ ಕಾರು ಓಟ ಮುಂದುವರಿಯಬೇಕು ಎಂದು ನಗರದ ಸನ್ನದಿನಲ್ಲೇ ಬರೆಸಿದರು. ಉತ್ತರ ಕೆರೊಲಿನಾದ ವಿನ್‌ಸ್ಟನ್-ಸೇಲಂ ಊರಿನಲ್ಲಿ ಬೋಮನ್ ಗ್ರೇ ಎಂಬ ಕ್ರೀಡಾಂಗಣವಿದೆ. 1930ರ ದಶಕದಲ್ಲಿ ಕೆಲಸವಿಲ್ಲದವರಿಗೆ ಕೂಲಿ ಕೊಡುವ ಸರ್ಕಾರಿ ಯೋಜನೆಯಲ್ಲಿ ಕಟ್ಟಿದ್ದು, ನಗರಕ್ಕೆ ಸೇರಿದ್ದು. ಫುಟ್‌ಬಾಲ್ ಮೈದಾನದ ಸುತ್ತ ಕಾಲು ಮೈಲಿಯ ಟ್ರ್ಯಾಕು. 1949ರಲ್ಲಿ ಶುರುವಾದ ವಾರದ ಓಟ ಇವತ್ತಿಗೂ ಬೇಸಿಗೆಯ ಶನಿವಾರ ರಾತ್ರಿಗಳಲ್ಲಿ ಜನರನ್ನು ಸೇರಿಸುತ್ತದೆ. ಜನರ ನೆಲ, ಹಾಗಾಗಿ ಒಬ್ಬ ವ್ಯಾಪಾರಿ ಬಂದು ಕಿಸೆಗೆ ಹಾಕಿಕೊಂಡು ಹೋಗೋದು ಸುಲಭವಲ್ಲ.

ಇಲ್ಲಿಗೆ ಮುಗಿಸಿದ್ದರೆ ನಮ್ಮ ಸಂಗಾತಿಗೂ ಒಪ್ಪಿಗೆಯಾಗುತ್ತಿತ್ತೇನೋ. ಬಂಡವಾಳಕ್ಕೆ ಧಿಕ್ಕಾರ, ಜನರ ನೆಲಕ್ಕೆ ಜೈ. ಆದರೆ ಅಣ್ಣನ ಪ್ರಶ್ನೆ ಹಾಗೇ ನಿಂತಿದೆ. ಜನ ಜನ ಅಂತೀರಲ್ಲ, ಆ ಜನರಲ್ಲಿ ನಮ್ಮಂಥೋರು ಇದ್ದರೇ?

ಇದ್ದರು. ಒಬ್ಬನ ಹೆಸರು ವೆಂಡಲ್ ಸ್ಕಾಟ್. ವರ್ಜೀನಿಯಾದ ಡ್ಯಾನ್‌ವಿಲ್ ಊರಿನ ಕಪ್ಪು ಮನುಷ್ಯ. ಟ್ಯಾಕ್ಸಿ ಓಡಿಸಿದ, ಎರಡನೇ ಮಹಾಯುದ್ಧದಲ್ಲಿ ಸೈನ್ಯದ ಗಾಡಿ ರಿಪೇರಿ ಮಾಡಿದ, ಗ್ಯಾರೇಜು ಇಟ್ಟ, ಕಳ್ಳಭಟ್ಟಿ ಸಾಗಿಸಿದ. 1952ರಲ್ಲಿ ಡ್ಯಾನ್‌ವಿಲ್ಲಿನ ಟ್ರ್ಯಾಕು ನಡೆಸುವವರಿಗೆ ಟಿಕೆಟ್ಟಿನ ಗಿರಾಕಿಗಳು ಹೆಚ್ಚಬೇಕಿತ್ತು. ಕಪ್ಪು ಜನರ ಕಾಸೂ ಗಲ್ಲಾಪೆಟ್ಟಿಗೆಗೆ ಬರಬೇಕು, ಅದಕ್ಕೊಬ್ಬ ಕಪ್ಪು ಓಟಗಾರ ಬೇಕು ಎಂದು ಲೆಕ್ಕ ಹಾಕಿದರು. ಹುಡುಕಿಕೊಂಡು ಎಲ್ಲಿಗೆ ಹೋದರು? ಪೋಲೀಸರ ಬಳಿಗೆ! ಕಾರು ಜೋರಾಗಿ ಓಡಿಸೋ ಕರಿಯ ಯಾರು ಅಂತ ಪೋಲೀಸರಿಗೇ ತಾನೆ ಗೊತ್ತು. ಅವರು ವೆಂಡಲ್ ಸ್ಕಾಟನ ಹೆಸರು ಹೇಳಿದರು.

ಗೆಳೆಯರೆ, ಈ ಮಾತನ್ನು ಎರಡು ಸಲ ಓದಿ. ಟ್ರ್ಯಾಕು ಉಳಿಯೋಕೆ ಕಪ್ಪು ಮನುಷ್ಯ ಬೇಕಾಗಿದ್ದ. ಆದರೆ ಓಟಗಾರನಾಗಿ ಅಲ್ಲ, ಗಿರಾಕಿ ಕರೆಯೋ ತಮಟೆಯಾಗಿ. ಅದೇ ಸ್ಕಾಟ್ ಕೆಲವೇ ದಿನದಲ್ಲಿ ಕಾರು ಎಳಕೊಂಡು, ಮೇಲೆ ಹೇಳಿದ ವಿನ್‌ಸ್ಟನ್-ಸೇಲಂ ಊರಿನ ನಾಸ್ಕಾರ್ ಓಟಕ್ಕೆ ಹೋದಾಗ ಕರಿಯ ಅನ್ನೋ ಒಂದೇ ಕಾರಣಕ್ಕೆ ಹಿಂದಕ್ಕೆ ಕಳಿಸಿದರು. ಅವನು ಸುಮ್ಮನಾಗಲಿಲ್ಲ. ಮಕ್ಕಳನ್ನೇ ಮೆಕ್ಯಾನಿಕ್ಕು ಮಾಡಿಕೊಂಡು, ಹಳೇ ಸಾಮಾನು ಜೋಡಿಸಿಕೊಂಡು ಓಡಿಸಿದ. ನಾಸ್ಕಾರಿನ ದೊಡ್ಡ ಸರಣಿಯಲ್ಲಿ 495 ಓಟ ಓಡಿದ.

1963ರ ಡಿಸೆಂಬರ್ 1. ಫ್ಲಾರಿಡಾದ ಜಾಕ್ಸನ್‌ವಿಲ್, ಅರ್ಧ ಮೈಲಿಯ ಮಣ್ಣಿನ ಟ್ರ್ಯಾಕು. ಸ್ಕಾಟ್ ಗೆದ್ದ. ಎರಡನೆಯವನಿಗಿಂತ ಎರಡು ಸುತ್ತು ಮುಂದಿದ್ದ. ಆದರೂ ಬಿಳಿಯ ಓಟಗಾರ ಬಕ್ ಬೇಕರ್ ಗೆದ್ದನೆಂದು ಸಾರಿದರು. ಟ್ರೋಫಿ ಅವನ ಕೈಗೆ ಕೊಟ್ಟರು. ಜನ ಎದ್ದು ಹೋದಮೇಲೆ ಲೆಕ್ಕ ತಪ್ಪಿತ್ತು ಎಂದು ಒಪ್ಪಿಕೊಂಡರು. ಎರಡು ಸುತ್ತು! ಎರಡು ಮಾರು ಅಲ್ಲ. ಕಣ್ಣಿಗೆ ಕಾಣದಷ್ಟು ಸಣ್ಣ ತಪ್ಪೇ ಇದು? ಸ್ಕಾಟ್ 1990ರಲ್ಲಿ ಸತ್ತ. ನಾಸ್ಕಾರ್ ಅವನ ಮನೆಯವರ ಕೈಗೆ ಆ ಗೆಲುವಿನ ಟ್ರೋಫಿ ಕೊಟ್ಟದ್ದು 2021ರ ಆಗಸ್ಟಿನಲ್ಲಿ. ಆ ಸರಣಿಯಲ್ಲಿ ಮತ್ತೊಬ್ಬ ಕಪ್ಪು ಓಟಗಾರ ಬುಬ್ಬಾ ವಾಲೇಸ್ ಗೆದ್ದದ್ದು ಅದೇ ವರ್ಷದ ಅಕ್ಟೋಬರಿನಲ್ಲಿ. ಎರಡು ಗೆಲುವುಗಳ ನಡುವೆ 58 ವರ್ಷ!

“ಆಟದಲ್ಲಿ ಬಣ್ಣ ತರಬೇಡಿ, ಮೊದಲು ಟ್ರ್ಯಾಕು ಉಳಿಸೋಣ” ಅನ್ನೋರು ಅಲ್ಲೂ ಇದ್ದಾರೆ, ಇಲ್ಲೂ ಇದ್ದಾರೆ. ಬಣ್ಣ ತಂದವರು ಯಾರು ಸ್ವಾಮಿ? ಗುಲಾಮಗಿರಿ ಉಳಿಸಿಕೊಳ್ಳೋಕೆ ಯುದ್ಧ ಮಾಡಿದ ದಕ್ಷಿಣದ ಬಾವುಟ ಈ ಓಟಗಳ ಅಂಗಳದಲ್ಲಿ ದಶಕಗಟ್ಟಲೆ ಹಾರಿತು. ನಾಸ್ಕಾರ್ ಅದನ್ನು ನಿಷೇಧಿಸಿದ್ದು 2020ರ ಜೂನಿನಲ್ಲಿ. ಗೇಟಿನ ಮುಂದೆ ಆ ಬಾವುಟ ನೋಡಿದ ಕಪ್ಪು ತಂದೆ ಮಗನ ಕೈ ಹಿಡಕೊಂಡು ಟಿಕೆಟ್ ತಗೋತಾನಾ? ಬೋಮನ್ ಗ್ರೇ ಕ್ರೀಡಾಂಗಣವನ್ನೇ ನೋಡಿ. ಬೇಸಿಗೆಯಲ್ಲಿ ಕಾರು ಓಡುವ ಅದೇ ಸುತ್ತಿನ ಒಳಗೆ, ಕಪ್ಪು ಜನರ ವಿದ್ಯಾಭ್ಯಾಸಕ್ಕೆಂದೇ ಹುಟ್ಟಿದ ವಿನ್‌ಸ್ಟನ್-ಸೇಲಂ ವಿಶ್ವವಿದ್ಯಾಲಯದ ಹುಡುಗರು ಶರತ್ಕಾಲದಲ್ಲಿ ಫುಟ್‌ಬಾಲ್ ಆಡುತ್ತಾರೆ. ನೆಲ ಒಂದೇ, ಮೆಟ್ಟಿಲು ಒಂದೇ. ಆ ಮೆಟ್ಟಿಲ ಮೇಲೆ ಫುಟ್‌ಬಾಲಿಗೆ ಕೂತವನು ಕಾರು ಓಟಕ್ಕೂ ಬಂದು ಕೂರುವ ಹಾಗೆ ಮಾಡೋದು ಬಿಟ್ಟು, ಗಿರಾಕಿ ಇಲ್ಲ ಅಂತ ಯಾವ ಟ್ರ್ಯಾಕಿನವನು ಅತ್ತರೂ ಆ ಅಳುವಿಗೆ ನಾನು ಕಿವಿಗೊಡಲ್ಲ. ಅರ್ಧ ಊರನ್ನು ಗೇಟಿನ ಆಚೆ ನಿಲ್ಲಿಸಿ ಅಂಗಳ ಖಾಲಿ ಅಂತ ಎದೆ ಬಡಕೊಳ್ಳೋದು ಎಂಥ ನಾಟಕ!

ನಮ್ಮ ನಾಡಿಗೂ ಈ ನಾಟಕ ಹೊಸದಲ್ಲ. 2014ರ ಸುಪ್ರೀಂ ಕೋರ್ಟ್ ತೀರ್ಪಿನಿಂದ ಕಂಬಳಕ್ಕೆ ಕುತ್ತು ಬಂದಾಗ, 2017ರಲ್ಲಿ ‘ಕಂಬಳ ಉಳಿಸಿ’ ಎಂದು ಕರಾವಳಿಯಲ್ಲಿ ಜನ ಬೀದಿಗಿಳಿದರು. ಸರ್ಕಾರ ಕಾನೂನು ತಿದ್ದಿತು, 2023ರಲ್ಲಿ ಅದೇ ಕೋರ್ಟು ತಿದ್ದುಪಡಿ ಎತ್ತಿಹಿಡಿಯಿತು. ಕಂಬಳ ಉಳಿಯಿತು, ಉಳೀಲಿ. ಆದರೆ ಕೋಣ ಇಳಿಯುವ ಮುಂಚೆ ಆ ಕೆಸರಿನಲ್ಲಿ ಕೊರಗರನ್ನು ಓಡಿಸುತ್ತಿದ್ದ ಕಾಲವೊಂದಿತ್ತು. ಆ ಅಜಲು ಪದ್ಧತಿ ನಿಲ್ಲಿಸೋಕೆ 2000ದಲ್ಲಿ ಕಾಯ್ದೆಯೇ ಬೇಕಾಯಿತು. ಸಂಪ್ರದಾಯ ಉಳಿಸಿ ಅನ್ನೋ ಬಾಯಿಗಳಲ್ಲಿ ಎಷ್ಟು ಬಾಯಿ ಈ ಮಾತನ್ನೂ ಆಡಿದವು?

ಅದಕ್ಕೇ ನಾನು ಎರಡೂ ಕಡೆಯವರ ಜತೆ ಜಗಳ ಆಡ್ತೀನಿ. ಮುಚ್ಚಲಿ ಬಿಡು ಅನ್ನೋ ಸಂಗಾತಿಗೆ ಹೇಳ್ತೀನಿ: ಟ್ರ್ಯಾಕು ಮುಚ್ಚಿದರೆ ಬಂಡವಾಳ ಸೋಲಲ್ಲ, ಅದು ಬಡಾವಣೆ ಕಟ್ಟಿಕೊಂಡು ಗೆಲ್ಲುತ್ತೆ. ಸೋಲೋದು ಸ್ಪ್ಯಾನರ್ ಹಿಡಿದ ಕೈ. ಕಣ್ಣು ಮುಚ್ಚಿಕೊಂಡು ಉಳಿಸಿ ಅನ್ನೋರಿಗೆ ಹೇಳ್ತೀನಿ: ಹೇಗಿತ್ತೋ ಹಾಗೇ ಉಳಿಸೋದು ಬೇಡ.

ಜನರ ದುಡ್ಡು ಬಿದ್ದ ಟ್ರ್ಯಾಕಿನ ಲೆಕ್ಕ ಜನರ ಮುಂದೆ ಬರಲಿ. ಅದರ ದಿನಾಂಕ ಊರಿನ ಒಪ್ಪಿಗೆ ಇಲ್ಲದೆ ಮಾರಾಟವಾಗದಿರಲಿ. ಕಾಸು ಕೊಟ್ಟು ಹಿಂದಿನ ಗೇಟಿನಲ್ಲಿ ಬರೋ ಓಟಗಾರನಿಗೆ, ಮೆಕ್ಯಾನಿಕ್ಕಿಗೆ, ಟೈರು ಎಷ್ಟರದ್ದು, ಬಹುಮಾನ ಎಷ್ಟು ಎಂದು ತೀರ್ಮಾನ ಮಾಡೋ ಮೇಜಿನ ಮುಂದೆ ಕುರ್ಚಿ ಸಿಗಲಿ. ಹಳೇ ಕಾರು ಬಿಟ್ಟರೆ ಬೇರೆ ಗತಿಯಿಲ್ಲದ ಹುಡುಗನಿಗೂ ಒಂದು ಓಟ ಇರಲಿ. ಅವನು ಯಾವ ಬಣ್ಣದವನಾದರೂ ಆಗಲಿ, ಗೆದ್ದರೆ ಟ್ರೋಫಿ ಅವತ್ತೇ ರಾತ್ರಿ, ಜನ ಎದ್ದು ಹೋಗೋಕೆ ಮುಂಚೆ, ದೀಪ ಆರೋಕೆ ಮುಂಚೆ, ಅವನ ಕೈಗೆ ಬರಲಿ.

ಇಷ್ಟೆಲ್ಲ ಅಣ್ಣನಿಗೆ ಹೇಳಿದೆ. ವೆಂಡಲ್ ಸ್ಕಾಟನ ಫೋಟೋ ತೋರಿಸಿದೆ. ಬಹಳ ಹೊತ್ತು ನೋಡಿದ. ಅವನ ಕಣ್ಣು ಮುಖದ ಮೇಲಿರಲಿಲ್ಲ, ಕೈ ಮೇಲಿತ್ತು.

“ನಮ್ಮೋನೇ ಕಣೋ” ಅಂದ. ಆಮೇಲೆ ಕೇಳಿದ: “ಎರಡು ಸುತ್ತು ಮುಂದಿದ್ನಾ?”

“ಹೂಂ ಅಣ್ಣ, ಎರಡು ಸುತ್ತು.”

“ಹಂಗಾದ್ರೆ ಅಲ್ಲಿ ಕೂತಿದ್ದೋರಿಗೆಲ್ಲ ಗೊತ್ತಿತ್ತು” ಅಂದ.