ಲೆಕ್ಕ ಕಂಪ್ಯೂಟರಿನದು, ತೀರ್ಮಾನ ನಮ್ಮದು

ಇದು ಮಾಹಿತಿ ಯುಗ ಎಂದು ಎಲ್ಲರೂ ಹೇಳುತ್ತಾರೆ. ಮ್ಯಾನೇಜ್‌ಮೆಂಟ್ ಇನ್ಫರ್ಮೇಷನ್ ಸಿಸ್ಟಮ್, ಚಿಕ್ಕದಾಗಿ ಎಂ.ಐ.ಎಸ್., ಎನ್ನುವ ಮಾತನ್ನು ನಮ್ಮ ಮಕ್ಕಳು ಕಾಲೇಜಿನಲ್ಲಿ ಕೇಳುತ್ತಾರೆ. ಹೆಸರು ದೊಡ್ಡದು, ವಿಷಯ ಸರಳ. ಒಂದು ಸಂಸ್ಥೆಯಲ್ಲಿ ದಿನವೂ ನಡೆಯುವ ವ್ಯವಹಾರಗಳನ್ನು ಕಲೆಹಾಕಿ, ಜೋಡಿಸಿ, ತೀರ್ಮಾನ ಮಾಡಬೇಕಾದವರ ಮುಂದೆ ಇಡುವ ಏರ್ಪಾಡು ಅದು. ಊರಿನ ಅಂಗಡಿ ಶೆಟ್ಟರು ಕಿರ್ದಿ ಪುಸ್ತಕ ನೋಡಿ ಮುಂದಿನ ವಾರ ಎಷ್ಟು ಬೆಲ್ಲ ತರಿಸಬೇಕೆಂದು ಯೋಚಿಸುತ್ತಿದ್ದರಲ್ಲ, ಅದೇ ಕೆಲಸವನ್ನು ಇಂದು ಸೂಪರ್ ಮಾರ್ಕೆಟ್ಟಿನ ಕಂಪ್ಯೂಟರ್ ಮಾಡುತ್ತದೆ.

ಇದರ ಪ್ರಯೋಜನ ನಮಗೆ ಪ್ರತಿದಿನವೂ ಸಿಗುತ್ತಿದೆ. 2003ರಲ್ಲಿ ಲಂಡನ್ನಿಗೆ ಆಯ್‌ಸ್ಟರ್ ಕಾರ್ಡ್ ಬಂತು. ನಾವು ಟ್ಯೂಬ್ ನಿಲ್ದಾಣದಲ್ಲಿ ಕಾರ್ಡ್ ಮುಟ್ಟಿಸಿದಾಗಲೆಲ್ಲ ಎಲ್ಲಿ ಹತ್ತಿದೆವು, ಎಲ್ಲಿ ಇಳಿದೆವು ಎಂಬುದು ದಾಖಲಾಗುತ್ತದೆ. ಲಕ್ಷಾಂತರ ಪ್ರಯಾಣಗಳ ಇಂತಹ ವಿವರ ಒಟ್ಟುಗೂಡಿದಾಗ ಯಾವ ಹೊತ್ತಿನಲ್ಲಿ ಯಾವ ಮಾರ್ಗದಲ್ಲಿ ಜನಸಂದಣಿ ಹೆಚ್ಚು ಎಂದು ಸಾರಿಗೆ ಇಲಾಖೆಗೆ ತಿಳಿಯುತ್ತದೆ. ಬಿಡಿ ಸಂಗತಿಗಳನ್ನು ಒಟ್ಟಿಗೆ ತೋರಿಸುವುದೇ ಇಂತಹ ವ್ಯವಸ್ಥೆಯ ನಿಜವಾದ ಶಕ್ತಿ.

ಆದರೆ ಇದೇ ದೇಶದಲ್ಲಿ ಇನ್ನೊಂದು ಕಥೆಯೂ ನಡೆದಿದೆ. ಅದನ್ನು ನಮ್ಮ ಮಕ್ಕಳು ತಿಳಿದಿರಲೇಬೇಕು.

ಇಲ್ಲಿನ ಬೀದಿ ಬೀದಿಗಳ ಚಿಕ್ಕ ಅಂಚೆ ಕಚೇರಿಗಳನ್ನು ನಡೆಸುವವರು ಸಬ್ ಪೋಸ್ಟ್‌ಮಾಸ್ಟರುಗಳು. ಅವರಲ್ಲಿ ಭಾರತೀಯ ಮೂಲದವರು ಅನೇಕರು. 1999ರಿಂದ ಪೋಸ್ಟ್ ಆಫೀಸ್ ಸಂಸ್ಥೆ ಅವರಿಗೆಲ್ಲ ‘ಹೊರೈಜನ್’ ಎಂಬ ಕಂಪ್ಯೂಟರ್ ಲೆಕ್ಕ ವ್ಯವಸ್ಥೆಯನ್ನು ಕೊಡತೊಡಗಿತು. ಗಲ್ಲಾಪೆಟ್ಟಿಗೆಯಲ್ಲಿ ಇರುವ ಹಣಕ್ಕೂ ಪರದೆಯ ಮೇಲಿನ ಅಂಕಿಗೂ ತಾಳೆಯಾಗದಿದ್ದರೆ, ವ್ಯತ್ಯಾಸವನ್ನು ಸಬ್ ಪೋಸ್ಟ್‌ಮಾಸ್ಟರೇ ತುಂಬಿಕೊಡಬೇಕಿತ್ತು. ‘ಈ ಲೆಕ್ಕವನ್ನು ನಾನು ಒಪ್ಪುವುದಿಲ್ಲ’ ಎಂದು ಹೇಳಲು ಆ ಪರದೆಯಲ್ಲಿ ಒಂದು ಗುಂಡಿಯೂ ಇರಲಿಲ್ಲ. ಸಹಾಯವಾಣಿಗೆ ಫೋನ್ ಮಾಡಿದವರಲ್ಲಿ ಎಷ್ಟೋ ಮಂದಿಗೆ ‘ಈ ತೊಂದರೆ ನಿಮಗೊಬ್ಬರಿಗೇ’ ಎಂಬ ಉತ್ತರ ಸಿಕ್ಕಿತು.

ಪರಿಣಾಮವಾಗಿ 900ಕ್ಕೂ ಹೆಚ್ಚು ಜನರಿಗೆ ಕಳ್ಳತನ, ಸುಳ್ಳು ಲೆಕ್ಕ ಮುಂತಾದ ಆರೋಪಗಳ ಮೇಲೆ ಶಿಕ್ಷೆಯಾಯಿತು. ಲಂಡನ್ನಿನ ಮಗ್ಗುಲಲ್ಲೇ ಇರುವ ಸರ್ರಿಯ ವೆಸ್ಟ್ ಬೈಫ್ಲೀಟ್‌ನಲ್ಲಿ ಅಂಚೆ ಕಚೇರಿ ನಡೆಸುತ್ತಿದ್ದ ಸೀಮಾ ಮಿಶ್ರಾ ಅವರನ್ನು 2010ರಲ್ಲಿ ಜೈಲಿಗೆ ಕಳುಹಿಸಲಾಯಿತು. ಆಗ ಅವರು ಗರ್ಭಿಣಿ. ಅಲನ್ ಬೇಟ್ಸ್ ಅವರ ಮುಂದಾಳುತನದಲ್ಲಿ 555 ಮಂದಿ ಹೂಡಿದ ಮೊಕದ್ದಮೆಯಲ್ಲಿ, ಹೊರೈಜನ್‌ನಲ್ಲಿ ದೋಷಗಳಿದ್ದವೆಂದು 2019ರ ಡಿಸೆಂಬರಿನಲ್ಲಿ ಹೈಕೋರ್ಟು ತೀರ್ಪು ಕೊಟ್ಟಿತು. ಸೀಮಾ ಅವರ ಶಿಕ್ಷೆ ರದ್ದಾದದ್ದು 2021ರಲ್ಲಿ. ಉಳಿದವರ ಸಾಮೂಹಿಕ ಬಿಡುಗಡೆಗಾಗಿ 2024ರಲ್ಲಿ ಪಾರ್ಲಿಮೆಂಟು ಕಾನೂನನ್ನೇ ಮಾಡಬೇಕಾಯಿತು.

ಇಲ್ಲಿ ತಪ್ಪಿದ್ದು ಎಲ್ಲಿ? ಯಂತ್ರ ತಪ್ಪು ಮಾಡಿತು, ನಿಜ. ಆದರೆ ಯಂತ್ರ ಯಾರನ್ನೂ ಜೈಲಿಗೆ ಕಳುಹಿಸಲಿಲ್ಲ. ಆ ತೀರ್ಮಾನ ಮಾಡಿದವರು ಮನುಷ್ಯರು. ದೇಶದ ಉದ್ದಗಲಕ್ಕೂ ಕಚೇರಿಗಳಲ್ಲಿ ಹಣ ಕಡಿಮೆ ಬೀಳುತ್ತಿದೆ ಎಂಬ ಮಾಹಿತಿ ಮೇಲಿನವರ ಕೈಯಲ್ಲೇ ಇತ್ತು. ‘ವರ್ಷಗಟ್ಟಲೆ ನಂಬಿಕೆಯಿಂದ ದುಡಿದ ಇಷ್ಟೊಂದು ಜನ ಒಮ್ಮೆಗೇ ಕಳ್ಳರಾದರೇ?’ ಎಂದು ಅವರು ಕೇಳಿಕೊಳ್ಳಬೇಕಿತ್ತು. ಬಿಡಿ ಸಂಗತಿಗಳನ್ನು ಒಟ್ಟಿಗೆ ನೋಡಲೆಂದೇ ಮಾಹಿತಿ ವ್ಯವಸ್ಥೆ ಇರುವುದು. ಅವರು ಒಟ್ಟಿಗೆ ನೋಡದೆ, ಒಬ್ಬೊಬ್ಬರನ್ನೇ ಹಿಡಿದರು.

ಹಾಗೆಂದು ಹಳೆಯ ಪುಸ್ತಕಗಳೇ ವಾಸಿ ಎನ್ನುವಂತಿಲ್ಲ. ನಮ್ಮ ಕರ್ನಾಟಕದ ‘ಭೂಮಿ’ ಯೋಜನೆಯನ್ನೇ ನೋಡಿ. ಮೊದಲು ರೈತರ ಪಹಣಿಗಳೆಲ್ಲ ಗ್ರಾಮ ಲೆಕ್ಕಿಗರ ಕೈಬರಹದ ಪುಸ್ತಕಗಳಲ್ಲಿದ್ದವು. ಒಂದು ಪ್ರತಿ ಪಡೆಯಲು ರೈತ ಅಲೆಯಬೇಕಿತ್ತು, ಎಷ್ಟೋ ಕಡೆ ಲಂಚವನ್ನೂ ಕೊಡಬೇಕಿತ್ತು. 2000ದ ದಶಕದ ಆರಂಭದಲ್ಲಿ ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ದಾಖಲೆಗಳು ಕಂಪ್ಯೂಟರಿಗೆ ಬಂದವು. ಆಗ ತಾಲ್ಲೂಕು ಕಚೇರಿಯಲ್ಲಿ 15 ರೂಪಾಯಿ ಕಟ್ಟಿದರೆ ಪಹಣಿ ಕೈಗೆ ಬರುತ್ತಿತ್ತು. ಅಲ್ಲಿ ಮಾಡಿದ್ದ ಒಂದು ಚಿಕ್ಕ ಏರ್ಪಾಡು ನನಗೆ ಬಹಳ ದೊಡ್ಡದೆಂದು ತೋರುತ್ತದೆ. ನೌಕರನ ಮುಂದೆ ಒಂದು ಪರದೆ ಇದ್ದರೆ, ರೈತನ ಕಡೆಗೆ ಮುಖ ಮಾಡಿದ ಇನ್ನೊಂದು ಪರದೆಯೂ ಇತ್ತು. ತನ್ನ ಹೊಲದ ಬಗ್ಗೆ ಕಂಪ್ಯೂಟರ್ ಏನು ಹೇಳುತ್ತಿದೆ ಎಂಬುದನ್ನು ರೈತನೂ ಅಲ್ಲೇ ನಿಂತು ನೋಡಬಹುದಿತ್ತು.

ನನ್ನ ಅಭಿಪ್ರಾಯ ಇಷ್ಟೇ. ಯಾರ ಬದುಕಿನ ಬಗ್ಗೆ ತೀರ್ಮಾನವಾಗುತ್ತದೋ ಅವರಿಗೆ ಆ ಮಾಹಿತಿ ಕಾಣಬೇಕು, ತಪ್ಪಿದ್ದರೆ ಪ್ರಶ್ನಿಸುವ ದಾರಿಯೂ ಇರಬೇಕು. ಇವೆರಡೂ ಇಲ್ಲದ ವ್ಯವಸ್ಥೆ ಎಷ್ಟೇ ದುಬಾರಿಯದಾದರೂ ಒಳ್ಳೆಯ ತೀರ್ಮಾನಕ್ಕೆ ನೆರವಾಗದು.

ಮಕ್ಕಳೇ, ನಿಮ್ಮಲ್ಲಿ ಹಲವರು ನಾಳೆ ಸಾಫ್ಟ್‌ವೇರ್ ಬರೆಯುವಿರಿ, ಕೆಲವರು ಮ್ಯಾನೇಜರ್ ಕುರ್ಚಿಯಲ್ಲಿ ಕೂರುವಿರಿ. ಒಂದು ವರದಿ ಮುಂದೆ ಬಂದಾಗ ಮೂರು ಪ್ರಶ್ನೆ ಕೇಳಿ. ಈ ಅಂಕಿ ಎಲ್ಲಿಂದ ಬಂತು? ಇದು ತಪ್ಪಾಗಿದ್ದರೆ ಯಾರಿಗೆ ನೋವಾಗುತ್ತದೆ? ಅವರ ಮಾತನ್ನು ನಾನು ಕೇಳಿದ್ದೇನೆಯೇ? ಪೋಷಕರೇ, ಶಾಲೆಯ ವರದಿಯಾಗಲಿ ಬ್ಯಾಂಕಿನ ಪತ್ರವಾಗಲಿ, ‘ಕಂಪ್ಯೂಟರ್ ಹೇಳಿದೆ’ ಎಂದು ಸುಮ್ಮನಾಗದೆ, ವಿನಯದಿಂದಲೇ ವಿವರ ಕೇಳುವುದನ್ನು ಮಕ್ಕಳಿಗೆ ಮನೆಯಲ್ಲೇ ಕಲಿಸೋಣ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ನಮ್ಮ ಹಿರಿಯರು ಹೇಳಿದ್ದು ಪರದೆಯ ಮೇಲೆ ಕಂಡದ್ದಕ್ಕೂ ಸಲ್ಲುತ್ತದೆ.