ಕುದುರೆ ಮಸಾಲೆಯೂ ಕಳೆದುಹೋದ ಬೇಣವೂ

ಹೈನುಗಾರಿಕೆಯ ಲಾಭದ ಮಾತು ಬಂದಲ್ಲೆಲ್ಲ ಕುದುರೆ ಮಸಾಲೆಯ ಹೆಸರೂ ಬರುತ್ತದೆ. ಲೂಸರ್ನ್, ಆಲ್ಫಾಲ್ಫಾ ಎಂದೂ ಕರೆಸಿಕೊಳ್ಳುವ ಈ ಬೆಳೆಯನ್ನು ಮೇವಿನ ರಾಣಿ ಎಂದು ಹೊಗಳುವುದುಂಟು. ಹಿಂಡಿ, ಬೂಸಾಗಳ ಬೆಲೆಗೆ ಬಸವಳಿದ ಮಲೆನಾಡಿನ ರೈತನಿಗೆ, ಇದನ್ನು ಗದ್ದೆಯ ಮೂಲೆಯಲ್ಲೋ ತೋಟದ ಅಂಚಿನಲ್ಲೋ ಬೆಳೆದರೆ ಕೊಟ್ಟಿಗೆಯ ಚಿಂತೆ ತೀರೀತೆಂಬ ಆಸೆ ಹುಟ್ಟುವುದು ಸಹಜ. ಆ ಆಸೆಯನ್ನು ಹೀಗಳೆಯಬೇಕಾಗಿಲ್ಲ. ಆದರೆ ಬೀಜಕ್ಕೆ ಹಣ ಕೊಡುವ ಮೊದಲು ಸಸ್ಯದ ಸ್ವಭಾವವನ್ನೂ ನೆಲದ ಸ್ವಭಾವವನ್ನೂ ಜೊತೆಗಿಟ್ಟು ನೋಡುವುದು ವಿವೇಕ.

ಕುದುರೆ ಮಸಾಲೆಯ ಗುಣಗಳು ಸುಳ್ಳಲ್ಲ. ಈ ದ್ವಿದಳ ಸಸ್ಯದ ಒಣಮೇವಿನಲ್ಲಿ ಶೇಕಡಾ 18ರಿಂದ 20ರಷ್ಟು ಪ್ರೋಟೀನು ಇರುತ್ತದೆ. ಭತ್ತದ ಹುಲ್ಲಿನಲ್ಲಿರುವುದು ಶೇಕಡಾ 3-4ರಷ್ಟು ಮಾತ್ರ. ಬೇರುಗಂಟುಗಳಲ್ಲಿ ನೆಲೆಸುವ ಸೂಕ್ಷ್ಮಾಣುಗಳ ನೆರವಿನಿಂದ ಅದು ಗಾಳಿಯ ಸಾರಜನಕವನ್ನು ಹಿಡಿದು ಮಣ್ಣನ್ನೂ ಫಲವತ್ತಾಗಿಸುತ್ತದೆ. ಬಿತ್ತಿದ ಎರಡು-ಎರಡೂವರೆ ತಿಂಗಳಿಗೆ ಮೊದಲ ಕೊಯ್ಲು, ಆಮೇಲೆ ತಿಂಗಳಿಗೊಂದರಂತೆ ಮೂರು-ನಾಲ್ಕು ವರ್ಷ ಮೇವು ದೊರೆಯುತ್ತದೆ. ಬಾವಿಯ ನೀರೂ ಬಸಿಯುವ ಗೋಡುಮಣ್ಣೂ ಉಳ್ಳ ಬಯಲುಸೀಮೆಯ ರೈತನಿಗೆ ಇದು ನಿಜಕ್ಕೂ ಒಳ್ಳೆಯ ಬೆಳೆ. ಆನಂದ್-2, ಆರ್.ಎಲ್.-88ರಂತಹ ಹೆಸರಾದ ತಳಿಗಳು ರೂಪುಗೊಂಡದ್ದೂ ಗುಜರಾತಿನ ಆನಂದ್, ಮಹಾರಾಷ್ಟ್ರದ ರಾಹುರಿಯಂತಹ ಕಡಿಮೆ ಮಳೆಯ ಬಯಲುಗಳಲ್ಲಿಯೇ.

ತೊಡಕಿರುವುದು ಇಲ್ಲಿಯೇ. ಕುದುರೆ ಮಸಾಲೆಯ ತವರು ಇರಾನ್ ಮತ್ತು ಮಧ್ಯ ಏಷ್ಯಾದ ಒಣ ಪ್ರದೇಶ. ನೀರನ್ನು ಅರಸುತ್ತ ಹಲವು ಮೀಟರ್ ಆಳಕ್ಕಿಳಿಯುವುದು ಅದರ ತಾಯಿಬೇರಿನ ರೂಢಿ. ಅದಕ್ಕೆ ರಸಸಾರ 6.5ರಿಂದ 7.5ರವರೆಗಿನ ಮಣ್ಣು ಹಿತ. ಮಲೆನಾಡಿನ ಜಂಬಿಟ್ಟಿಗೆ ಮಣ್ಣು ಹುಳಿ ಮಣ್ಣು; ಬಹಳ ಕಡೆ ಅದರ ರಸಸಾರ 5ರಿಂದ 6ರ ನಡುವಿನದು. ಇಂತಹ ಮಣ್ಣಿನಲ್ಲಿ ಕರಗುವ ಅಲ್ಯೂಮಿನಿಯಂ ಬೇರನ್ನು ಮೊಟಕುಗೊಳಿಸುತ್ತದೆ, ಬೇರುಗಂಟು ಕಟ್ಟಲು ಬಿಡುವುದಿಲ್ಲ. ಜೊತೆಗೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಎಡೆಬಿಡದ ಮಳೆ. ನಿಂತ ನೀರನ್ನು ಈ ಬೇರು ಸಹಿಸದು.

ಮಣ್ಣಿಗೆ ಸುಣ್ಣ ಹಾಕಿ, ಏರುಮಡಿ ಮಾಡಿ ಬೆಳೆಯಬಹುದಲ್ಲ ಎಂಬ ವಾದವಿದೆ. ಒಂದೆರಡು ಗುಂಟೆಯಲ್ಲಿ ಅದು ಸಾಧ್ಯವೂ ಹೌದು. ಆದರೆ ಸುಣ್ಣ ತಗ್ಗಿಸುವುದು ಮೇಲ್ಮಣ್ಣಿನ ಹುಳಿಯನ್ನು. ಆಳಕ್ಕಿಳಿಯುವ ಬೇರಿಗೆ ಕೆಳಗಿನ ಹುಳಿಮಣ್ಣು ಮತ್ತೆ ಎದುರಾಗುತ್ತದೆ. ಮಳೆ ತೊಳೆದೊಯ್ದಂತೆಲ್ಲ ಸುಣ್ಣವನ್ನು ಮತ್ತೆ ಹಾಕಬೇಕು. ಮಳೆಗಾಲದಲ್ಲಿ ಬೇರು ಕೊಳೆತರೆ ಮೂರು ವರ್ಷ ಬಾಳಬೇಕಾದ ಬೆಳೆಗೆ ವರ್ಷವರ್ಷವೂ ಬೀಜ ಕೊಳ್ಳಬೇಕು. ಕೊನೆಗೆ ಅದಕ್ಕೆ ಒಗ್ಗುವುದು ಮಳೆಗಾಲ ಕಳೆದ ಮೇಲಿನ ಒಣ ತಿಂಗಳುಗಳೇ. ಹಳ್ಳ ಬತ್ತಿ ಅಡಿಕೆ ತೋಟಕ್ಕೇ ನೀರು ಸಾಲದ ಆ ದಿನಗಳಲ್ಲಿ ಮೇವಿನ ಮಡಿಗೂ ಮತ್ತೆ ಮತ್ತೆ ನೀರುಣಿಸುವುದು ಯಾರ ಪಾಲಿನ ನೀರಿನಿಂದ?

ಮೇವಿನ ಹಿಂದೆ ನೀರಿದೆ ಎಂಬುದನ್ನು ದೂರದ ದೇಶಗಳು ತಡವಾಗಿ ಅರಿತಿವೆ. ಮರಳುಗಾಡಿನಲ್ಲಿ ಅಂತರ್ಜಲವೆತ್ತಿ ಹಸಿರು ಮೇವು ಬೆಳೆದ ಸೌದಿ ಅರೇಬಿಯಾ, ನೀರು ಬರಿದಾಗತೊಡಗಿದಾಗ ಆ ಕೃಷಿಯನ್ನು ಹಂತಹಂತವಾಗಿ ನಿಲ್ಲಿಸಲು 2015ರಲ್ಲಿ ನಿರ್ಧರಿಸಿತು. ಅಲ್ಲಿನ ಹೈನೋದ್ಯಮದ ಕಂಪನಿಯೊಂದು ಅಮೆರಿಕದ ಅರಿಜೋನಾದಲ್ಲಿ ಭೂಮಿ ಹಿಡಿದು, ಕುದುರೆ ಮಸಾಲೆ ಬೆಳೆದು, ಒಣಗಿಸಿ ಹಡಗಿನಲ್ಲಿ ಸಾಗಿಸಿತು. ಅಂತರ್ಜಲ ಕುಸಿಯುತ್ತಿದೆಯೆಂದು ಅಲ್ಲಿ ಕೂಗೆದ್ದು, 2023ರಲ್ಲಿ ಆ ರಾಜ್ಯದ ಗವರ್ನರ್ ಸರ್ಕಾರಿ ಭೂಮಿಯ ಗುತ್ತಿಗೆಗಳನ್ನು ಕೊನೆಗೊಳಿಸುವ ಕ್ರಮ ಕೈಗೊಂಡರು. ಒಂದು ನಾಡಿನ ಹಸುವಿಗಾಗಿ ಇನ್ನೊಂದು ನಾಡಿನ ಬಾವಿ ಬತ್ತುವ ಕಥೆ ಇದು.

ಹಾಗಾದರೆ ಮಲೆನಾಡಿನ ಹಸು ಹಿಂದೆ ಏನು ತಿನ್ನುತ್ತಿತ್ತು? ಬೇಣದ ಹುಲ್ಲು, ಬೆಟ್ಟದ ಸೊಪ್ಪು, ಗೋಮಾಳದ ಮೇವು. ಮಳೆಗಾಲದಲ್ಲಿ ದನ ನುಗ್ಗದಂತೆ ಕಾದ ಬೇಣದಲ್ಲಿ ಬೆಳೆದ ಹುಲ್ಲನ್ನು ಮಳೆ ನಿಂತ ಮೇಲೆ ಕೊಯ್ದು, ಒಣಗಿಸಿ, ಕರಡವೆಂದು ಕೂಡಿಡುತ್ತಿದ್ದರು. ನೀರುಣಿಸದೆ, ಬೀಜ ಕೊಳ್ಳದೆ, ಸುಣ್ಣ ಹಾಕದೆ ದೊರೆತ ಒಣಮೇವು ಅದು. ಸಾಲದ ಕರಡವೇ ಇಂದು ಮೇವಿನ ಕೊರತೆಯಾಗಿ ಕಾಣುತ್ತಿದೆ. ಬೇಣಗಳು ಅಕೇಶಿಯಾ ನೆಡುತೋಪುಗಳಾದವು, ತೋಟಗಳಾದವು, ಒತ್ತುವರಿಯಾದವು. ಹುಲ್ಲು ಬೆಳೆಯುವ ನೆಲವನ್ನು ಪಾಳುಭೂಮಿ ಎಂದು ಕರೆದದ್ದು ಈ ನಷ್ಟದ ಮೊದಲ ಹೆಜ್ಜೆ.

ಕಾನೂನು ಈ ನೆಲವನ್ನು ಪಾಳು ಎಂದು ಎಣಿಸಿಲ್ಲ. ಪ್ರತಿ 100 ಜಾನುವಾರುಗಳಿಗೆ 12 ಹೆಕ್ಟೇರ್‌ನಂತೆ ಗೋಮಾಳ ಮೀಸಲಿಡಬೇಕೆಂದು ಕರ್ನಾಟಕ ಭೂಕಂದಾಯ ನಿಯಮಗಳು, 1966ರ 97ನೆಯ ನಿಯಮ ಹೇಳುತ್ತದೆ. ಗ್ರಾಮದ ಸಾಮೂಹಿಕ ಭೂಮಿಯ ಒತ್ತುವರಿ ತೆರವುಗೊಳಿಸಿ ಗ್ರಾಮಸ್ಥರ ಬಳಕೆಗೆ ಮರಳಿಸಬೇಕೆಂದು ಸುಪ್ರೀಂ ಕೋರ್ಟು ಜಗಪಾಲ್ ಸಿಂಗ್ ಪ್ರಕರಣದಲ್ಲಿ 2011ರ ಜನವರಿ 28ರಂದು ಆದೇಶಿಸಿದೆ. ಜನ ಎದ್ದು ನಿಂತರೆ ಏನಾದೀತೆಂಬುದಕ್ಕೂ ನಿದರ್ಶನವಿದೆ. ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್‌ಗೆ ಸುಮಾರು 30,000 ಹೆಕ್ಟೇರ್ ಸಾಮೂಹಿಕ ಭೂಮಿಯನ್ನು ನೀಲಗಿರಿಗಾಗಿ ಒಪ್ಪಿಸಲು ಹೊರಟಾಗ, 1987ರ ನವೆಂಬರ್ 14ರಂದು ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ ಜನ ‘ಕಿತ್ತಿಕೋ-ಹಚ್ಚಿಕೋ’ ಸತ್ಯಾಗ್ರಹ ನಡೆಸಿದರು. ನೀಲಗಿರಿ ಸಸಿ ಕಿತ್ತು, ಊರಿಗೆ ಬೇಕಾದ ಗಿಡ ನೆಟ್ಟರು. 1991ರಲ್ಲಿ ಆ ಕಂಪನಿಯನ್ನು ಮುಚ್ಚಲು ಸರ್ಕಾರ ತೀರ್ಮಾನಿಸಬೇಕಾಯಿತು.

ಕುದುರೆ ಮಸಾಲೆಯಿಂದ ಮಲೆನಾಡು ಕಲಿಯಬಹುದಾದ ಪಾಠವೊಂದಿದೆ. ಅದು ಕೊಯ್ಲಿನ ಹದ. ಹೂ ಬಿಡಲಾರಂಭಿಸಿದಾಗಲೇ ಆ ಬೆಳೆಯನ್ನು ಕೊಯ್ಯುತ್ತಾರೆ, ಎಲೆ ಉದುರದಂತೆ ಒಣಗಿಸುತ್ತಾರೆ; ಏಕೆಂದರೆ ಸತ್ವವಿರುವುದು ಎಲೆಯಲ್ಲಿ. ಬೇಣದ ಹುಲ್ಲಿಗೂ ಈ ಮಾತು ಸಲ್ಲುತ್ತದೆ. ಬಲಿತು ಬಿಳಿಚಿದ ಮೇಲೆ ಕೊಯ್ದ ಕರಡದಲ್ಲಿ ಸತ್ವ ಕಡಿಮೆ. ಮಳೆ ಬಿಡುವು ಕೊಟ್ಟ ಕೂಡಲೇ ಬೇಣದ ಒಂದು ಭಾಗವನ್ನು ಹಸಿರಿರುವಾಗಲೇ ಕೊಯ್ದು ಒಣಗಿಸಿ, ಉಳಿದದ್ದನ್ನು ಬೀಜ ಕಟ್ಟಲು ಬಿಟ್ಟರೆ ಈ ವರ್ಷದ ಮೇವೂ ಮುಂದಿನ ವರ್ಷದ ಹುಲ್ಲೂ ಉಳಿಯುತ್ತವೆ. ಭತ್ತ ಕೊಯ್ದ ಗದ್ದೆಯ ಉಳಿದ ತೇವದಲ್ಲಿ ಹುರುಳಿ, ಅಲಸಂದೆ ಬರುತ್ತವೆ. ಬೇಲಿಗೆ ಹಾಲವಾಣ, ಗ್ಲಿರಿಸಿಡಿಯಾ ಸಾಲದೆ? ಇವೆಲ್ಲವೂ ದ್ವಿದಳ ಸಸ್ಯಗಳೇ. ಮಲೆನಾಡಿನ ಮಣ್ಣಿಗೆ ಒಗ್ಗಿದವೇ.

ಈ ಕೆಲಸದಲ್ಲಿ ವಿದ್ಯಾರ್ಥಿಗಳ ಪಾಲೂ ಇದೆ. ತಮ್ಮ ಊರಿನಲ್ಲಿ ಜಾನುವಾರುಗಳೆಷ್ಟು, ದಾಖಲೆಯಲ್ಲಿ ಗೋಮಾಳವೆಷ್ಟು, ನೆಲದ ಮೇಲೆ ಉಳಿದಿರುವುದೆಷ್ಟು ಎಂಬ ಮೂರು ಲೆಕ್ಕಗಳನ್ನು ಅವರು ಒಂದು ರಜೆಯಲ್ಲಿ ಕೂಡಿಹಾಕಬಲ್ಲರು. ಪಹಣಿಯ ಪ್ರತಿಯೊಡನೆ ಆ ಲೆಕ್ಕ ಗ್ರಾಮಸಭೆಯ ಮುಂದೆ ಬಂದರೆ, ಮೇವಿನ ಚರ್ಚೆ ಬೀಜದ ಪೊಟ್ಟಣದಿಂದ ನೆಲದ ಹಕ್ಕಿನತ್ತ ತಿರುಗುತ್ತದೆ. ಬಯಲಿನ ರೈತ ಕುದುರೆ ಮಸಾಲೆಯನ್ನು ಸುಖವಾಗಿ ಬೆಳೆಯಲಿ. ಮಲೆನಾಡು ಮೊದಲು ತನ್ನ ಬೇಣವನ್ನು ಕೇಳಿ ಪಡೆಯಲಿ.