ಒಂದು ಕೋಣೆಯ ಮನೆ: ದುಡಿಯುವವನಿಗೆ ಸೂರೋ, ಸಾಹುಕಾರನಿಗೆ ಸುಗ್ಗಿಯೋ?

ಇಂಡಿಯ ಲಿಂಬೆ ವ್ಯಾಪಾರಿಗೂ ಸಿಂದಗಿಯ ಗಿರಣಿ ಕಾಮಗಾರನಿಗೂ ಈಚೆಗೆ ಒಂದೇ ಉಪದೇಶ ನಡೆದಿದೆ. ಪುಣೆಯಲ್ಲೊಂದು, ಬೆಂಗಳೂರಿನ ಹೊರಗಡೆಗೊಂದು, ಸೊಲ್ಲಾಪುರದಲ್ಲೊಂದು, ಅದೂ ಆಗದಿದ್ದರೆ ವಿಜಯಪುರದಲ್ಲಾದರೂ ಒಂದು ಫ್ಲ್ಯಾಟು ಹಿಡಿಯಿರಿ. ಒಂದು ಮಲಗುವ ಕೋಣೆ, ಒಂದು ಪಡಸಾಲೆ, ಒಂದು ಅಡುಗೆಮನೆ. ಇದ್ದರೆ ಮನೆಯಾಯಿತು, ಬಾಡಿಗೆಗೆ ಕೊಟ್ಟರೆ ಗಳಿಕೆಯಾಯಿತು, ಮಾರಿದರೆ ಎರಡರಷ್ಟಾಯಿತು. ಬೆಲೆ "ಕೈಗೆಟಕುವಂಥದು". ಯಾರ ಕೈಗೆ ಎಂಬುದನ್ನು ಮಾತ್ರ ಜಾಹೀರಾತಿನಲ್ಲಿ ಬರೆದಿರುವುದಿಲ್ಲ.

ದುಡಿಯುವವನಿಗೆ ಸ್ವಂತ ಮನೆ ಬೇಡವೆಂದು ನಾವು ಹೇಳುವವರಲ್ಲ. ಬಾಡಿಗೆಯ ಮನೆಯಲ್ಲಿ ಗೋಡೆಗೆ ಮೊಳೆ ಹೊಡೆಯಲಿಕ್ಕೂ ಮಾಲೀಕನ ಮುಖ ನೋಡಬೇಕಾದವರ ಸಂಕಟ ನಮಗೆ ಗೊತ್ತಿದೆ. ನಾವು ಕೇಳುವುದಿಷ್ಟೆ: ಇರಲಿಕ್ಕೆ ಬೇಕಾದ ಸೂರನ್ನೂ ಗಳಿಕೆಯ ಸರಕನ್ನೂ ಒಂದೇ ಚೀಲದಲ್ಲಿ ಕಟ್ಟಿ ಮಾರುವುದೇಕೆ? ಮನೆ ಬೇಕೆಂಬ ಆಸೆ ನ್ಯಾಯವಾದುದು. ಆ ಆಸೆಯ ಬೆನ್ನ ಮೇಲೆ ಲಾಭದ ಆಸೆಯನ್ನು ಹೇರಿದರೆ ಸಾಲದ ಕಾಗದಕ್ಕೆ ಸಹಿ ಬೇಗ ಬೀಳುತ್ತದೆ. ಕಾರಣ ಅದೇ.

ಲೆಕ್ಕ ಹಾಕೋಣ, ಬನ್ನಿರಿ. ಫ್ಲ್ಯಾಟಿನ ಬೆಲೆ 20 ಲಕ್ಷ ರೂಪಾಯಿ ಎಂದಿಟ್ಟುಕೊಳ್ಳಿರಿ. ಕೈಯಿಂದ 4 ಲಕ್ಷ ಹಾಕಿ, 16 ಲಕ್ಷವನ್ನು ಶೇಕಡಾ 8.5ರ ಬಡ್ಡಿಯಲ್ಲಿ 20 ವರುಷಕ್ಕೆ ಬ್ಯಾಂಕಿನಿಂದ ತಂದರೆ ತಿಂಗಳ ಕಂತು 13,885 ರೂಪಾಯಿ. ಮೊದಲನೆಯ ಕಂತಿನಲ್ಲಿ 11,333 ರೂಪಾಯಿ ಬಡ್ಡಿಗೆ ಹೋಗುತ್ತದೆ, ಅಸಲಿಗೆ ಸೇರುವುದು 2,552 ಮಾತ್ರ. ಐದು ವರುಷ ಒಂದು ಕಂತೂ ತಪ್ಪಿಸದೆ 8 ಲಕ್ಷ 33 ಸಾವಿರ ಕಟ್ಟಿದ ಮೇಲೆ ಸಾಲ ಎಷ್ಟು ಇಳಿದಿರುತ್ತದೆ? ಸುಮಾರು 1 ಲಕ್ಷ 90 ಸಾವಿರ! ಇನ್ನೂ 14 ಲಕ್ಷಕ್ಕೂ ಮೇಲೆ ತಲೆಯ ಮೇಲಿರುತ್ತದೆ. ಇಪ್ಪತ್ತು ವರುಷ ಮುಗಿಯುವಾಗ 16 ಲಕ್ಷದ ಸಾಲಕ್ಕೆ 33 ಲಕ್ಷಕ್ಕೂ ಹೆಚ್ಚು ಕಟ್ಟಿರುತ್ತೀರಿ. ಮುದ್ರಾಂಕ, ನೋಂದಣಿ, ಕಟ್ಟಡದ ನಿರ್ವಹಣೆಯ ವರ್ಗಣಿ ಇವೆಲ್ಲ ಬೇರೆ. ನಮ್ಮ ರಾಜ್ಯದಲ್ಲಿ 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕವನ್ನೇ ಶೇಕಡಾ 1ರಿಂದ 2ಕ್ಕೆ ಏರಿಸಿದ್ದಾರೆ. ಬಡವನ ಮನೆಯ ಬಗ್ಗೆ ಭಾಷಣ ಮಾಡುವ ಬಾಯಿಯೂ ಶುಲ್ಕ ಏರಿಸುವ ಕೈಯೂ ಒಂದೇ ದೇಹದ್ದು.

ಈಗ "ಗಳಿಕೆ"ಯ ಮಾತು. ಆ ಫ್ಲ್ಯಾಟಿಗೆ ತಿಂಗಳಿಗೆ 5,000 ಬಾಡಿಗೆ ಬಂತೆನ್ನಿರಿ (ನಿಮ್ಮ ಊರಿನ ಅಂಕಿಯನ್ನು ನೀವೇ ಹಾಕಿಕೊಳ್ಳಿರಿ). ವರುಷಕ್ಕೆ 60,000, ಅಂದರೆ ಬೆಲೆಯ ಶೇಕಡಾ 3. ಎಂಟೂವರೆಯ ದರದಲ್ಲಿ ಹಣ ತಂದು ಮೂರರ ದರದಲ್ಲಿ ದುಡಿಸುವ ವ್ಯಾಪಾರವನ್ನು ನಮ್ಮ ಕಿರಾಣಿ ಅಂಗಡಿಯ ಹುಡುಗನೂ ಮಾಡಲಾರ. ತಿಂಗಳು ತಿಂಗಳು ಸುಮಾರು 8,900 ರೂಪಾಯಿಯನ್ನು ಅಂಗಡಿಯ ಗಲ್ಲೆಯಿಂದ ತೆಗೆದು ಕೊಡಬೇಕು. ಸರಕು ತುಂಬಲು ಬೇಕಾದ ಹಣ ಅಲ್ಲಿಗೆ ಹೋದರೆ ಹಬ್ಬದ ಹೊತ್ತಿಗೆ ಅಂಗಡಿಯ ಕಪಾಟು ಖಾಲಿ.

"ಬೆಲೆ ಏರುತ್ತದಲ್ಲ?" ಎನ್ನುತ್ತಾರೆ ದಲಾಲರು. ಏರುವುದು ಮುಖ್ಯವಾಗಿ ಭೂಮಿಯ ಬೆಲೆ. ಕಟ್ಟಡಕ್ಕೆ ವಯಸ್ಸಾಗುತ್ತದೆ, ಕೊಳವೆ ಸೋರುತ್ತದೆ, ಗಿಲಾವು ಉದುರುತ್ತದೆ. ಫ್ಲ್ಯಾಟು ಕೊಂಡವನಿಗೆ ಭೂಮಿಯಲ್ಲಿ ಸಿಗುವುದು ಅವಿಭಜಿತ ಪಾಲು, ಗೆರೆ ಎಳೆದು ತೋರಿಸಲಾಗದ ಕೆಲವು ಚದರಡಿ. ಇನ್ನು ಅಳತೆಯ ಆಟ ಬೇರೆ. ಮೆಟ್ಟಿಲು, ಲಿಫ್ಟು, ಪಡಸಾಲೆಯ ಹೊರಗಿನ ದಾರಿ ಎಲ್ಲವನ್ನೂ ಸೇರಿಸಿ ಚದರಡಿ ಹೇಳುತ್ತಾರೆ. 2016ರ ರೇರಾ ಕಾಯಿದೆಯ ಪ್ರಕಾರ ಕಟ್ಟಿಸುವವನು ಹೇಳಬೇಕಾದುದು ಕಾರ್ಪೆಟ್ ವಿಸ್ತೀರ್ಣ, ಅಂದರೆ ಗೋಡೆಯ ಒಳಗೆ ನಿಮ್ಮ ಚಾಪೆ ಹಾಸುವ ಜಾಗ. 500 ಚದರ ಮೀಟರಿಗಿಂತ ದೊಡ್ಡ ಭೂಮಿಯಲ್ಲಿ, ಅಥವಾ ಎಂಟಕ್ಕಿಂತ ಹೆಚ್ಚು ಮನೆ ಕಟ್ಟುವ ಯೋಜನೆಗೆ ರೇರಾ ನೋಂದಣಿ ಕಡ್ಡಾಯ. ನೋಂದಣಿಯ ಸಂಖ್ಯೆ ಕೇಳಿದಾಗ ಚಹಾ ತರಿಸುವವನಿಂದ ಎದ್ದು ಬರುವುದೇ ಲೇಸು.

ಕಬ್ಬಿನ ಕಾರಖಾನೆಯ ಹಂಗಾಮಿ ಕಾಮಗಾರ ಬಂಧುಗಳಿಗೆ ಇನ್ನೊಂದು ಮಾತು. ನಿಮ್ಮ ದುಡಿಮೆಗೆ ಹಂಗಾಮು ಉಂಟು, ಕಂತಿಗೆ ಹಂಗಾಮಿಲ್ಲ. ಕಬ್ಬು ಅರೆಯುವುದು ನಿಂತ ತಿಂಗಳುಗಳಲ್ಲಿಯೂ ಅದು ಐದನೆಯ ತಾರೀಖಿಗೋ ಹತ್ತನೆಯ ತಾರೀಖಿಗೋ ಬಂದೇ ಬರುತ್ತದೆ. ತೊಂಬತ್ತು ದಿನ ಬಾಕಿ ಉಳಿದರೆ ಸಾಲವನ್ನು ಕೆಟ್ಟ ಸಾಲವೆಂದು ಬರೆದುಕೊಳ್ಳುತ್ತಾರೆ. ಆಮೇಲೆ 2002ರ ಸರ್ಫೇಸಿ ಕಾಯಿದೆಯಂತೆ ಅರವತ್ತು ದಿನದ ನೋಟೀಸು ಕೊಟ್ಟು, ದಾವೆ ಹೂಡದೆಯೇ ಮನೆಯನ್ನು ವಶಕ್ಕೆ ತೆಗೆದುಕೊಳ್ಳುವ ಅಧಿಕಾರ ಬ್ಯಾಂಕಿಗಿದೆ. ದೊಡ್ಡ ದೊಡ್ಡ ಕಂಪನಿಗಳ ಸಾಲ ಮುಳುಗಿದಾಗ ಮಾತುಕತೆ, ರಿಯಾಯಿತಿ, ಹೊಂದಾಣಿಕೆ. ನಮ್ಮವನಿಗೆ ಬಾಗಿಲ ಮೇಲೆ ಅಂಟಿಸಿದ ಕಾಗದ.

ಬಸವನ ಬಾಗೇವಾಡಿ, ಮುದ್ದೇಬಿಹಾಳದ ಕಡೆಯವರು ಇನ್ನೂ ಎಚ್ಚರದಿಂದಿರಬೇಕು. ಆಲಮಟ್ಟಿ ಅಣೆಕಟ್ಟನ್ನು 519.6 ಮೀಟರಿನಿಂದ 524.256 ಮೀಟರಿಗೆ ಎತ್ತರಿಸಿದರೆ ಮುಳುಗುವ ಭೂಮಿಗೆ ಎಕರೆಗೆ ನೀರಾವರಿಯಾದರೆ 40 ಲಕ್ಷ, ಒಣಬೇಸಾಯವಾದರೆ 30 ಲಕ್ಷ ಕೊಡುವುದಾಗಿ ರಾಜ್ಯ ಸರಕಾರ 2025ರ ಸಪ್ಟೆಂಬರಿನಲ್ಲಿ ತೀರ್ಮಾನಿಸಿತು. ಪರಿಹಾರದ ಹಣ ಬರುವುದಕ್ಕೆ ಮೊದಲೇ ಅದನ್ನು ಖರ್ಚು ಮಾಡಿಸುವವರು ಬಂದಿರುತ್ತಾರೆ. ಹಿಂದಿನ ಮುಳುಗಡೆಯ ಹಣ ಹೇಗೆ ಕರಗಿತೆಂದು ಮನೆಯ ಹಿರಿಯರನ್ನು ಕೇಳಿರಿ. ಹೊಲದ ಬದಲಿಗೆ ಹೊಲ ಹುಡುಕುವುದು ಬಿಟ್ಟು, ಕಾಣದ ಊರಿನ ಮೂರನೆಯ ಮಹಡಿಯ ಕೋಣೆಗೆ ಅದನ್ನು ಸುರಿಯಬೇಡಿರಿ.

ಹಾಗಾದರೆ ಗತಿಯೇನು? ಗತಿ ನಮ್ಮ ಪಕ್ಕದಲ್ಲೇ ಇದೆ. ಇಂಡಿ ರೋಡ್ ಸ್ಟೇಶನ್ನಿನಲ್ಲಿ ರೈಲು ಹತ್ತಿ ಸೊಲ್ಲಾಪುರಕ್ಕೆ ಹೋಗಿರಿ. ಅಲ್ಲಿಂದ ಅಕ್ಕಲಕೋಟೆಯ ದಾರಿಯಲ್ಲಿ ಕುಂಭಾರಿ ಎಂಬ ಊರಿದೆ. ಕನ್ನಡ, ಮರಾಠಿ, ತೆಲುಗು ಮೂರೂ ಕಿವಿಗೆ ಬೀಳುವ ಸೀಮೆ. ಅಲ್ಲಿ ಬೀಡಿ ಕಟ್ಟುವ ಹೆಣ್ಣುಮಕ್ಕಳು ಸಂಘ ಕಟ್ಟಿ, ವರುಷಗಟ್ಟಲೆ ಹೋರಾಡಿ, ಗೋದೂತಾಯಿ ಪರುಳೇಕರ ಅವರ ಹೆಸರಿನಲ್ಲಿ ಸಹಕಾರಿ ಗೃಹನಿರ್ಮಾಣ ಸಂಸ್ಥೆ ಮಾಡಿಕೊಂಡು 10,000 ಮನೆಗಳನ್ನು ಪಡೆದರು. 2006ರಲ್ಲಿ ಅಂದಿನ ಪ್ರಧಾನಿ ಮನಮೋಹನ ಸಿಂಗರು ಬಂದು ಅವನ್ನು ಹಸ್ತಾಂತರಿಸಿದರು. ಅಷ್ಟಕ್ಕೇ ನಿಲ್ಲಲಿಲ್ಲ. ಮಾಜಿ ಶಾಸಕ ನರಸಯ್ಯ ಆಡಂ ಅವರ ಮುಂದಾಳುತನದಲ್ಲಿ ನೇಕಾರರು, ಬೀಡಿ ಕಾಮಗಾರರು, ಚಿಂದಿ ಆಯುವವರು ಸೇರಿ ಅಲ್ಲೇ ರೇನಗರ ಎಂಬ 30,000 ಮನೆಗಳ ಯೋಜನೆ ಹಿಡಿದರು. 2019ರ ಜನವರಿಯಲ್ಲಿ ಅಡಿಗಲ್ಲು ಬಿತ್ತು, 2024ರ ಜನವರಿ 19ರಂದು ಮೊದಲ 15,000 ಮನೆಗಳನ್ನು ಪ್ರಧಾನಿ ಮೋದಿಯವರು ಹಸ್ತಾಂತರಿಸಿದರು. ಪ್ರಧಾನಿಗಳು ಬದಲಾದರು, ಸಂಘ ಬದಲಾಗಲಿಲ್ಲ.

ಅದೂ ಒಂದು ಕೋಣೆಯ ಮನೆಯೇ, ಸುಮಾರು 300 ಚದರಡಿ. ಅರಮನೆಯಲ್ಲ. ಊರಿನಿಂದ ದೂರ. ಜೋಳ ಒಣಗಿಸಲು ಅಂಗಳವಿಲ್ಲ, ನೆಂಟರು ಬಂದರೆ ಮಲಗಲು ಇಕ್ಕಟ್ಟು. ಸದಸ್ಯರೂ ತಮ್ಮ ಪಾಲು ಕಟ್ಟಬೇಕು, ಸಾಲವೂ ಆಗುತ್ತದೆ. ಆದರೆ ಅಲ್ಲಿ ಕಟ್ಟಿಸಿದವನ ಲಾಭ, ದಲಾಲನ ಲಾಭ, ಸಟ್ಟಾ ವ್ಯಾಪಾರಿಯ ಲಾಭ ಒಂದರ ಮೇಲೊಂದು ಕೂತಿಲ್ಲ. ಕೇಂದ್ರದಿಂದ ಮನೆಗೆ ಒಂದೂವರೆ ಲಕ್ಷ, ರಾಜ್ಯದಿಂದ ಒಂದು ಲಕ್ಷ ಬರುವಂತೆ ಹಿಡಿದು ಕೂತವರು ಒಬ್ಬೊಬ್ಬರಾಗಿ ಅಲ್ಲ, ಸಾವಿರಾರು ಮಂದಿಯಾಗಿ ಹೋಗಿದ್ದರು. ಒಬ್ಬನೇ ಹೋಗಿ ಕೇಳಿದ್ದರೆ ಕಚೇರಿಯ ಜವಾನ ಬೆಂಚು ತೋರಿಸುತ್ತಿದ್ದ.

ನಮ್ಮ ಕರ್ನಾಟಕದಲ್ಲಿ ಇದು ಆಗದೆಂಬ ಮಾತೂ ಸುಳ್ಳು. ಕೊಳಚೆ ಪ್ರದೇಶದ ಬಡವರಿಗಾಗಿ ಕಟ್ಟಲು ತೆಗೆದುಕೊಂಡ ಮನೆಗಳು ವರುಷಗಟ್ಟಲೆ ಅರೆಬರೆಯಾಗಿ ನಿಂತವು. ನಾಲ್ಕೈದು ಲಕ್ಷದ ಫಲಾನುಭವಿಯ ಪಾಲನ್ನು ಕಟ್ಟುವ ಶಕ್ತಿ ಯಾರಿಗೂ ಇರಲಿಲ್ಲ. ಕೊನೆಗೆ ಫಲಾನುಭವಿ ಒಂದು ಲಕ್ಷ ಕೊಟ್ಟರೆ ಸಾಕು, ಉಳಿದುದು ಸರಕಾರದ್ದು ಎಂದು ತೀರ್ಮಾನವಾದ ಮೇಲೆ 2024ರ ಮಾರ್ಚಿನಲ್ಲಿ 36 ಸಾವಿರಕ್ಕೂ ಹೆಚ್ಚು ಮನೆಗಳು ಹಂಚಿಕೆಯಾದವು. ಒಂದು ಸಹಿಯಿಂದ ಆಗುವ ಕೆಲಸಕ್ಕೆ ಅಷ್ಟು ವರುಷ ಏಕೆ ಬೇಕಾಯಿತು? 2024ರಲ್ಲಿ ಆರಂಭವಾದ ಪ್ರಧಾನಮಂತ್ರಿ ಆವಾಸ ಯೋಜನೆಯ ಎರಡನೆಯ ಹಂತದಲ್ಲಿ ಸಂಘ-ಸಂಸ್ಥೆಗಳ ಸಹಭಾಗಿತ್ವದ ಮನೆಗಳಿಗೂ ಬಾಡಿಗೆ ಮನೆಗಳಿಗೂ ಅವಕಾಶವಿದೆ. ಬಾಡಿಗೆ ಮನೆ ಎಂಬ ಮಾತನ್ನು ಗಮನಿಸಿರಿ. ಎಲ್ಲರೂ ಕೊಳ್ಳಲೇಬೇಕೆಂದೇನೂ ಇಲ್ಲ. ನ್ಯಾಯವಾದ ಬಾಡಿಗೆಗೆ ಪುರಸಭೆಯೇ ಗಟ್ಟಿ ಮನೆ ಕೊಟ್ಟರೆ ಹಮಾಲನಿಗೂ ಸಣ್ಣ ಗುಮಾಸ್ತನಿಗೂ ಇಪ್ಪತ್ತು ವರುಷದ ಸಾಲದ ನೊಗವೇ ಬೇಡ.

ಗಳಿಕೆಯ ಫ್ಲ್ಯಾಟು ಕೊಳ್ಳಹೊರಟ ಸಣ್ಣ ವ್ಯಾಪಾರಿ ಬಂಧುಗಳೇ, ನಿಮ್ಮ ಬಾಡಿಗೆದಾರ ಯಾರೆಂದು ಯೋಚಿಸಿದ್ದೀರಾ? ನಿಮ್ಮ ಅಂಗಡಿಯ ಗಿರಾಕಿಯೇ, ಇಲ್ಲವೆ ಅವನಂಥವನೇ. ಅವನ ಪಗಾರದ ಮೂರನೆಯ ಒಂದು ಪಾಲನ್ನು ನೀವು ಬಾಡಿಗೆಯಾಗಿ ಕಸಿದು ಬ್ಯಾಂಕಿಗೆ ಬಡ್ಡಿಯಾಗಿ ಒಯ್ದು ಕೊಟ್ಟರೆ, ಅವನು ನಿಮ್ಮಲ್ಲಿ ಬೇಳೆ ಎಣ್ಣೆ ಕೊಳ್ಳುವುದು ಯಾವ ಹಣದಿಂದ?

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ನಾಲ್ಕೂ ಊರುಗಳ ಅಂಚಿನಲ್ಲಿ ಸರಕಾರದ ಭೂಮಿ ಎಷ್ಟು ಎಕರೆ ಇದೆ, ಯಾರ ಕೈಯಲ್ಲಿದೆ, ಎಷ್ಟು ಒತ್ತುವರಿಯಾಗಿದೆ, ಮನೆಗಾಗಿ ಅರ್ಜಿ ಹಾಕಿ ಕಾಯುತ್ತಿರುವ ಕುಟುಂಬಗಳೆಷ್ಟು? ಈ ಪಟ್ಟಿ ಮೊದಲು ಹೊರಗೆ ಬರಲಿ. 2005ರ ಮಾಹಿತಿ ಹಕ್ಕಿನ ಕಾಯಿದೆಯಂತೆ 10 ರೂಪಾಯಿ ಕಟ್ಟಿ ಯಾರೂ ಕೇಳಬಹುದು, 30 ದಿನದೊಳಗೆ ಉತ್ತರ ಕೊಡಬೇಕು. ಗಿರಣಿಯ ಸಂಘದವರೂ ವ್ಯಾಪಾರಿಗಳ ಸಂಘದವರೂ ಕೂಡಿ ಕೂತು ಅರ್ಜಿ ಬರೆಯಿರಿ. ತಹಸೀಲ್ದಾರರ ಕಚೇರಿಗೊಂದು, ಪುರಸಭೆಗೊಂದು, ನಾಲ್ಕೂ ಊರುಗಳಲ್ಲಿ ಒಂದೇ ದಿನ ಸಲ್ಲಲಿ.